ಮಾಸ್ಕೋದ ಕನ್ನಡ

ಸುದ್ದಗುಂಟೆಪಾಳ್ಯದ ನಮ್ಮ ಬೀದಿಯಲ್ಲಿ ನನಗೆ ‘ರಷ್ಯಾ ತಾತ’ ಎಂದು ಹೆಸರು. ಇಟ್ಟವರು ಎದುರುಮನೆಯ ಹುಡುಗರು. ಅದಕ್ಕೆ ಮುದ್ರೆ ಒತ್ತಿದವನು ಹಾಲಿನ ಬೂತಿನವನು. ಬೆಳಗ್ಗೆ ನಾನು ಚೀಲ ಹಿಡಿದು ಹೋಗುತ್ತಲೇ, ಮುಂದೆ ನಿಂತ ನಾಲ್ಕು ಜನರನ್ನು ಬಿಟ್ಟು, “ರಷ್ಯಾ ತಾತನಿಗೆ ಎರಡು ಅರ್ಧ ಲೀಟರು” ಎಂದು ಕೂಗಿ ಕೊಟ್ಟುಬಿಡುತ್ತಾನೆ. ಸರದಿಯಲ್ಲಿ ನಿಲ್ಲುವುದನ್ನು ಹತ್ತು ವರ್ಷ ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿ ಬಂದ ನನಗೆ ಇದರಿಂದ ಆಗುವ ಮುಜುಗರ ಅವನಿಗೆ ಹೇಗೆ ತಿಳಿಯಬೇಕು?

ಹೊಸದಾಗಿ ಪರಿಚಯವಾದವರು ನನ್ನನ್ನು ಮೂರು ಪ್ರಶ್ನೆ ಕೇಳುವುದು ವಾಡಿಕೆ. “ಅಲ್ಲಿ ಚಳಿ ಎಷ್ಟಿರುತ್ತೆ ಸಾರ್?” ಎಂಬುದು ಮೊದಲನೆಯದು. “ಎಲ್ಲರೂ ಕುಡೀತಾರಂತೆ, ಹೌದೆ?” ಎಂಬುದು ಎರಡನೆಯದು. ಮೂರನೆಯದನ್ನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳುತ್ತಾರೆ: “ನಿಮ್ಮ ಹಿಂದೆ ಯಾರನ್ನಾದರೂ ಬಿಟ್ಟಿದ್ದರೇನು?” ಮೊದಲನೆಯದಕ್ಕೆ, ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ ಇಳಿದದ್ದನ್ನು ಕಂಡಿದ್ದೇನೆ ಎನ್ನುತ್ತೇನೆ. ಎರಡನೆಯದಕ್ಕೆ, ಎಲ್ಲರೂ ಅಲ್ಲ ಎನ್ನುತ್ತೇನೆ. ಮೂರನೆಯದಕ್ಕೆ, ಬಿಟ್ಟಿದ್ದರೂ ಬಿಟ್ಟಿರಬಹುದು, ಆದರೆ ಆ ಪುಣ್ಯಾತ್ಮನಿಗೆ ಸಿಕ್ಕಿರಬಹುದಾದ ರಹಸ್ಯವೆಂದರೆ ನಾನು ಹುಣಿಸೇಹಣ್ಣನ್ನು ಎಲ್ಲಿಂದ ತರುತ್ತಿದ್ದೆ ಎಂಬುದೊಂದೇ ಎಂದು ಹೇಳುತ್ತೇನೆ. (ಲುಮುಂಬ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗರಿಂದ.)

ಅಷ್ಟು ವರ್ಷ ಅಲ್ಲಿ ಏನು ಕೆಲಸ ಮಾಡಿದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನಾಗಿಯೇ ಹೇಳಿದರೆ ನಂಬುವುದಿಲ್ಲ. ನಾನು ಮಾಸ್ಕೋದಲ್ಲಿ ಮಾಡಿದ್ದು ಕನ್ನಡದ ಕೆಲಸ. 1981ರ ಸೆಪ್ಟೆಂಬರಿನಲ್ಲಿ, ಹೆಂಡತಿಯನ್ನೂ ಆರು ತಿಂಗಳ ಕೂಸನ್ನೂ ಕರೆದುಕೊಂಡು ಹೊರಟು ನಿಂತಾಗ ನಮ್ಮ ಮಾವನವರು ಇದೇ ಸುದ್ದಗುಂಟೆಪಾಳ್ಯದ ಮನೆಯ ಜಗುಲಿಯ ಮೇಲೆ ಕುಳಿತು, “ಅಲ್ಲ ಕಣಪ್ಪಾ, ಕನ್ನಡದ ಕೆಲಸ ಮಾಡೋಕೆ ಮಾಸ್ಕೋಗೆ ಯಾಕೆ ಹೋಗ್ಬೇಕು?” ಎಂದು ಕೇಳಿದರು. ಬಹಳ ನ್ಯಾಯವಾದ ಪ್ರಶ್ನೆ. ಸಂಬಳದ ಮಾತು ತೆಗೆದು ಆಗ ತಪ್ಪಿಸಿಕೊಂಡೆ.

ಈಗ ಐವತ್ತು ದಾಟಿದವರಿಗೆ ಆ ಪುಸ್ತಕಗಳ ನೆನಪಿರಬಹುದು. ದಪ್ಪ ಕಾಗದ, ಗಟ್ಟಿ ರಟ್ಟು, ತೆರೆದರೆ ಮೂಗಿಗೆ ಬಡಿಯುವ ಅಂಟಿನ ವಾಸನೆ, ಬೆಲೆ ಮಾತ್ರ ಕೆಲವೇ ರೂಪಾಯಿ. 1960ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನವಕರ್ನಾಟಕದವರ ಅಂಗಡಿಯಲ್ಲಿ ಅವು ಸಾಲಾಗಿ ನಿಂತಿರುತ್ತಿದ್ದವು. ಟಾಲ್‌ಸ್ಟಾಯ್, ಗೋರ್ಕಿ, ಚೆಕಾಫ್, ಪಕ್ಕದಲ್ಲೇ ಲೆನಿನ್ನರ ಬರಹ, ಅದರ ಮಗ್ಗುಲಲ್ಲಿ ಮಾತನಾಡುವ ಕರಡಿಯ ಕತೆ. ಪರಭಾಷೆಗಳಲ್ಲಿ ಪುಸ್ತಕ ಹೊರಡಿಸುವ ಈ ಉದ್ಯಮ ಮಾಸ್ಕೋದಲ್ಲಿ ಹುಟ್ಟಿದ್ದು 1931ರಲ್ಲಿ. 1963ರಿಂದ ಅದರ ಹೆಸರು ‘ಪ್ರೊಗ್ರೆಸ್’ ಎಂದಾಯಿತು. 1982ರಲ್ಲಿ ಕಥೆ ಕಾದಂಬರಿಗಳಿಗೆಂದೇ ‘ರಾದುಗ’, ಎಂದರೆ ಕಾಮನಬಿಲ್ಲು, ಎಂಬ ಬೇರೆ ಮನೆ ಎದ್ದಿತು. ವಿಜ್ಞಾನಕ್ಕೆ ‘ಮಿರ್’ ಇತ್ತು. ಹಿಂದಿಯ ಭೀಷ್ಮ ಸಾಹನಿಯವರು 1957ರಿಂದ 1963ರವರೆಗೆ ಅಲ್ಲಿ ತರ್ಜುಮೆಗಾರರಾಗಿದ್ದರು. ಬಂಗಾಳದ ಕವಿ ಸಮರ್ ಸೇನರೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇದ್ದರು. ಅಂಥ ದೊಡ್ಡವರು ತುಳಿದ ಮೆಟ್ಟಿಲುಗಳನ್ನು ನನ್ನಂಥ ಸಾಮಾನ್ಯನೂ ಹತ್ತಿದೆ ಎನ್ನುವಷ್ಟು ಮಾತ್ರ ನನ್ನ ಹೆಗ್ಗಳಿಕೆ. ನಾನಿದ್ದ ಕಛೇರಿ ಯಾವುದು ಎನ್ನುವುದನ್ನು ಬಿಟ್ಟುಬಿಡುತ್ತೇನೆ. ಮುಂದೆ ಕೆಲವು ದೂರುಗಳು ಬರುವುದಿವೆ.

ಚಳಿಗೆ ಹೆದರಿ ಹೋಗಿದ್ದೆ. ಚಳಿ ಏನೂ ಮಾಡಲಿಲ್ಲ. ಮನೆಗಳೆಲ್ಲ ಬೆಚ್ಚಗಿದ್ದವು, ಬೆಂಗಳೂರಿನ ಡಿಸೆಂಬರಿನಲ್ಲಿ ತಣ್ಣನೆಯ ನೆಲದ ಮೇಲೆ ಕಾಲಿಡುವ ಕಷ್ಟ ಅಲ್ಲಿ ಇರಲಿಲ್ಲ. ಊಟಕ್ಕೂ ಹೆದರಿದ್ದೆ. ರೈ ಧಾನ್ಯದ ಕಪ್ಪು ರೊಟ್ಟಿ ಮೊದಲ ತಿಂಗಳು ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯ ತಿಂಗಳು, ರಾಗಿಯ ದೂರದ ನೆಂಟ ಎಂದು ಭಾವಿಸಿಕೊಂಡು ತಿಂದೆ, ಇಳಿಯಿತು. ಅಂಗಡಿಯಲ್ಲಿ ಯಾವಾಗ ಏನು ಬಂದೀತು ಎಂಬುದು ದೈವಾಧೀನವಾದ್ದರಿಂದ ಅಲ್ಲಿನ ಜನ ಜೇಬಿನಲ್ಲಿ ಸದಾ ಒಂದು ಬಲೆಯ ಚೀಲ ಇಟ್ಟುಕೊಂಡು ತಿರುಗುತ್ತಿದ್ದರು. ಅದಕ್ಕೆ ‘ಅವೋಸ್ಕ’ ಎಂದು ಹೆಸರು. ‘ಅವೋಸ್’ ಎಂದರೆ ಸಿಕ್ಕರೂ ಸಿಕ್ಕೀತು. ಚೀಲಕ್ಕೆ ಇಷ್ಟು ತತ್ತ್ವಜ್ಞಾನದ ಹೆಸರಿಟ್ಟ ಜನರ ಮೇಲೆ ನನಗೆ ಅಂದೇ ಗೌರವ ಹುಟ್ಟಿತು. ಐದು ಕೊಪೆಕ್ ಕೊಟ್ಟರೆ ಸುರಂಗದ ರೈಲು ಊರಿನ ಈ ತುದಿಯಿಂದ ಆ ತುದಿಗೆ ಒಯ್ಯುತ್ತಿತ್ತು. ಬಾಳುವುದಕ್ಕೆ ಏನೂ ತೊಂದರೆ ಇರಲಿಲ್ಲ. ತೊಂದರೆ ಕೊಟ್ಟದ್ದು ಕನ್ನಡ.

ಮೊದಲ ಎರಡು ವರ್ಷ ನನಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಲು ಕೊಟ್ಟರು, ರಷ್ಯನ್ ಬಾರದ ಕಾರಣ. ಹಗಲು ಇಂಗ್ಲಿಷಿನಿಂದ ತರ್ಜುಮೆ, ರಾತ್ರಿ ರಷ್ಯನ್ ಪಾಠ. ಒಂದು ದಿನ ‘ನಾನು ವೈದ್ಯ’ ಎಂಬುದಕ್ಕೆ ರಷ್ಯನ್ನಿನಲ್ಲಿ ‘ಯಾ ವ್ರಾಚ್’ ಎಂದರೆ ಸಾಕು, ನಡುವೆ ಇನ್ನೇನೂ ಬೇಡ ಎಂದು ಪಾಠದಲ್ಲಿ ಬಂದಾಗ ನನಗೆ ಪರದೇಶದಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ನಮ್ಮ ಹಾಗೆಯೇ ಅವರೂ ಎರಡು ಮಾತು ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತಾರೆ. ನಮ್ಮ ವಿಭಕ್ತಿಗಳ ಹಾಗೆ ಅವರಿಗೂ ಆರು ಇವೆ. ‘ನೀನು’ ಬೇರೆ, ‘ನೀವು’ ಬೇರೆ. ಇಂಗ್ಲಿಷಿನಲ್ಲಿ ಒಂದೇ ‘ಯೂ’. ಇಂಗ್ಲಿಷಿನ ಮೂಲಕ ಬಂದ ರಷ್ಯನ್ ಕಾದಂಬರಿಯಲ್ಲಿ ಗಂಡಸೊಬ್ಬ ಹೆಂಗಸೊಬ್ಬಳನ್ನು ‘ನೀವು’ ಎನ್ನುತ್ತಿದ್ದವನು ಯಾವ ಪುಟದಲ್ಲಿ ‘ನೀನು’ ಎಂದ ಎಂಬುದು ಮಾಯವಾಗಿರುತ್ತದೆ. ಕತೆಯೆಲ್ಲ ಇರುವುದು ಅಲ್ಲಿ. ಆ ಎರಡು ವರ್ಷದಲ್ಲಿ ನಾನು ಎಷ್ಟು ಪ್ರೇಮ ಪ್ರಸಂಗಗಳನ್ನು ಕೆಡಿಸಿದ್ದೇನೋ ದೇವರೇ ಬಲ್ಲ.

ರಷ್ಯನ್ ಕಲಿತ ಮೇಲೆ ಬೇರೆ ಫಜೀತಿ. ಅವರಲ್ಲಿ ‘ಬ್ರಾತ್’ ಎಂದರೆ ಒಡಹುಟ್ಟಿದವನು. ಅಣ್ಣನೋ ತಮ್ಮನೋ ಅವನೇ ಹೇಳಬೇಕು. ಒಂದು ಕಾದಂಬರಿಯಲ್ಲಿ ನಾನು ನೂರೈವತ್ತು ಪುಟ ಒಬ್ಬನನ್ನು ತಮ್ಮನೆಂದು ಸಾಕಿಕೊಂಡು ಬಂದಿದ್ದೆ. ನೂರ ಅರವತ್ತನೆಯ ಪುಟದಲ್ಲಿ ಅವನು ಮೂರು ವರ್ಷ ದೊಡ್ಡವನೆಂದು ಪತ್ತೆಯಾಯಿತು. ‘ತ್ಯೋತ್ಯ’ ಎಂದರೆ ಅತ್ತೆಯೂ ಹೌದು, ಚಿಕ್ಕಮ್ಮನೂ ಹೌದು, ದೊಡ್ಡಮ್ಮನೂ ಹೌದು, ಬೀದಿಯಲ್ಲಿ ಹೋಗುವ ಯಾರೋ ಹೆಂಗಸೂ ಹೌದು. ನಮ್ಮಲ್ಲಿ ಅತ್ತೆಯ ಪ್ರೀತಿಗೂ ಚಿಕ್ಕಮ್ಮನ ಪ್ರೀತಿಗೂ ಇರುವ ಅಂತರ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ ಹಿಮದ ವಿಷಯದಲ್ಲಿ ನಾವು ಕಡುಬಡವರು. ‘ಮಂಜು’ ಎಂದರೆ ನಮಗೆ ಬೆಳಗಿನ ಮುಸುಕೂ ಹೌದು, ಹುಲ್ಲಿನ ಮೇಲಿನ ಹನಿಯೂ ಹೌದು, ಹಿಮಾಲಯದ ತಲೆಯ ಮೇಲಿರುವುದೂ ಹೌದು. ಅವರಲ್ಲಿ ಬೀಳುವ ಹಿಮಕ್ಕೆ ಒಂದು ಮಾತು, ಬಿರುಗಾಳಿಯಲ್ಲಿ ಸುತ್ತುವ ಹಿಮಕ್ಕೆ ಒಂದು, ಕೊಂಬೆಗೆ ಪುಡಿಯಂತೆ ಹತ್ತಿದ್ದಕ್ಕೆ ಒಂದು, ದಾರಿಯ ಮೇಲೆ ಗಾಜಿನಂತೆ ಕಟ್ಟಿ ಮುದುಕರ ಸೊಂಟ ಮುರಿಯುವುದಕ್ಕೆ ಇನ್ನೊಂದು. ಬಿದ್ದ ಹಿಮ ನೆಲಕ್ಕೆ ಹತ್ತಿಕೊಂಡೇ ಗಾಳಿಗೆ ಹಾವಿನಂತೆ ಹರಿದಾಡುವುದುಂಟು. ಅದಕ್ಕೆ ‘ಪಝ್ಯೋಮ್ಕ’ ಎನ್ನುತ್ತಾರೆ. ಮೂರು ದಿನ ಯೋಚಿಸಿ ‘ನೆಲಹಿಮ’ ಎಂದು ಬರೆದೆ.

ಬರೆದದ್ದನ್ನು ಮೂಲದೊಡನೆ ಸಾಲುಸಾಲಾಗಿ ಹೋಲಿಸಿ ನೋಡಲು ಒಬ್ಬ ರಷ್ಯನ್ ಮಹಿಳೆ ಇದ್ದರು. ಕನ್ನಡ ಬಲ್ಲವರು. ಇದಕ್ಕೆ ಆಶ್ಚರ್ಯಪಡಬೇಕಾಗಿಲ್ಲ, ಆಂದ್ರೊನೊವ್ ಎಂಬ ವಿದ್ವಾಂಸರು 1962ರಲ್ಲೇ ಕನ್ನಡ ಭಾಷೆಯ ಬಗ್ಗೆ ರಷ್ಯನ್ನಿನಲ್ಲಿ ಪುಸ್ತಕ ಬರೆದಿದ್ದರು. ಈಕೆ ಕರ್ನಾಟಕ ನೋಡಿದವರಲ್ಲ. ವ್ಯಾಕರಣದ ಪುಸ್ತಕದಿಂದಲೂ 1894ರ ಕಿಟ್ಟೆಲ್ ನಿಘಂಟಿನಿಂದಲೂ ಕಲಿತವರು. ಮಧ್ಯಾಹ್ನ ಎದುರಾದರೆ “ತಾವು ಉಂಡಿರೇ?” ಎಂದು ಕೇಳುತ್ತಿದ್ದರು. ಹಳಗನ್ನಡದ ಯಾವುದೋ ಪಾತ್ರ ಕೋಟು ಹಾಕಿಕೊಂಡು ಬಂದಂತೆ ಆಗುತ್ತಿತ್ತು. ‘ನೆಲಹಿಮ’ವನ್ನು ಕಂಡು, “ಈ ಶಬ್ದವು ಕಿಟ್ಟೆಲರಲ್ಲಿ ಇಲ್ಲ” ಎಂದರು. “ಕಿಟ್ಟೆಲ್ಲರು ಮಾಸ್ಕೋದಲ್ಲಿ ಇರಲಿಲ್ಲ” ಎಂದೆ. ನಗಲಿಲ್ಲ. ನಿಘಂಟಿನ ಅಂಚಿನಲ್ಲಿ ಸಣ್ಣಗೆ ಪೆನ್ಸಿಲಿನಿಂದ ಆ ಮಾತನ್ನು ಬರೆದುಕೊಂಡರು.

ಅಲ್ಲಿಂದ ಮುಂದೆ ಹಸ್ತಪ್ರತಿ ಮೊಳೆ ಜೋಡಿಸುವವರ ಕೈಗೆ ಹೋಗುತ್ತಿತ್ತು. ನಮ್ಮ ಪುಸ್ತಕಗಳನ್ನು ಜೋಡಿಸುತ್ತಿದ್ದವರು ಒಬ್ಬ ಅಜ್ಜಿ. ರಷ್ಯನ್ನಿಗೆ 33 ಅಕ್ಷರ. ನಮ್ಮ ಕಾಗುಣಿತ, ಒತ್ತು, ಅರ್ಕಾವತ್ತುಗಳಿಗೆ ನೂರಾರು ಮನೆಗಳ ಮೊಳೆಪೆಟ್ಟಿಗೆ. ಅಜ್ಜಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು. ಆಕಾರ ನೋಡಿ ಜೋಡಿಸುತ್ತಿದ್ದರು, ರಂಗೋಲಿ ನೋಡಿ ರಂಗೋಲಿ ಬಿಟ್ಟ ಹಾಗೆ. ಅಕ್ಷರಗಳಿಗೆ ಅವರದೇ ಹೆಸರುಗಳಿದ್ದವು. ‘ಠ’ಕ್ಕೆ ಕಣ್ಣು. ‘ಣ’ಕ್ಕೆ ಕನ್ನಡಕ. ‘ಜ’ಕ್ಕೆ ಬಾತುಕೋಳಿ. “ನಿಮ್ಮ ಈ ಪುಟದಲ್ಲಿ ಬಾತುಕೋಳಿ ಬಹಳ, ಮೊಳೆ ಸಾಲದು” ಎಂದು ಒಮ್ಮೆ ಹೇಳಿ ಕಳಿಸಿದ್ದರು. ಜಮೀನುದಾರರ ಕತೆ ಅದು.

ಒಂದು ದಿನ ನನ್ನನ್ನು ಕೆಳಗೆ ಕರೆಸಿದರು. ಕರಡಿನ ಎರಡು ಪುಟ ಪಕ್ಕದಲ್ಲಿ ಇಟ್ಟುಕೊಂಡಿದ್ದರು. “ನೋಡಪ್ಪಾ, ಹದಿನಾಲ್ಕನೆಯ ಪುಟದಲ್ಲಿ ಈ ಮಾತಿನ ಹೊಟ್ಟೆಯೊಳಗೆ ಒಂದು ಚುಕ್ಕೆ ಇದೆ. ಮೂವತ್ತೊಂದರಲ್ಲಿ ಚುಕ್ಕೆ ಇಲ್ಲ. ನಿನ್ನ ಕೈಬರಹದಲ್ಲೂ ಹಾಗೆಯೇ ಇದೆ. ಯಾವುದು ಸರಿ?” ನೋಡಿದೆ. ಹದಿನಾಲ್ಕರಲ್ಲಿ ‘ಅರ್ಥವಾಯಿತು’ ಎಂದಿತ್ತು. ಮೂವತ್ತೊಂದರಲ್ಲಿ ‘ಅರ್ಧವಾಯಿತು’ ಎಂದಿತ್ತು. ಸಾಯುವ ಮುದುಕನೊಬ್ಬ ಮಗನ ಮುಖ ನೋಡಿ ತನಗೆ ಎಲ್ಲವೂ ಅರ್ಧವಾಯಿತು ಎನ್ನುವ ಹಾಗೆ ಮಾಡಿದ್ದೆ. ನಾನು ಎರಡು ಸಲ, ಆ ವಿದುಷಿ ಒಂದು ಸಲ ಓದಿ ದಾಟಿಬಂದಿದ್ದೆವು. ಅರ್ಥವಾಗುವವರಿಗೆ ಕಾಣದ ತಪ್ಪು ಅರ್ಥವಾಗದ ಅಜ್ಜಿಗೆ ಕಂಡಿತ್ತು. ಅಂದಿನಿಂದ ಆ ಅಜ್ಜಿಗೆ ಭಾರತದ ಚಹಾಪುಡಿ ನನ್ನ ಖಾತೆಯದು.

ಆದರೆ ಕೆಲಸವೆಲ್ಲ ಕಥೆ ಕಾದಂಬರಿ ಎಂದು ತಿಳಿಯಬಾರದು. ಒಂದು ಚೆಕಾಫ್ ಸಿಗಬೇಕಾದರೆ ನಾಲ್ಕು ಭಾಷಣ ಮಾಡಬೇಕಾಗಿತ್ತು. ನಾಯಕರ ಭಾಷಣಗಳು, ಮಹಾಧಿವೇಶನದ ವರದಿಗಳು, ಶಾಂತಿಯ ಬಗ್ಗೆ ಕಿರುಹೊತ್ತಿಗೆಗಳು. ಇವುಗಳ ಕನ್ನಡಕ್ಕೆ ಒಂದು ಅಚ್ಚು ಸಿದ್ಧವಾಗಿತ್ತು: ‘ಇನ್ನಷ್ಟು ದೃಢವಾಗಿ’, ‘ಎಡೆಬಿಡದ ಏಳಿಗೆಯತ್ತ’, ‘ಸಮಸ್ತ ಪ್ರಗತಿಪರ ಮಾನವಕೋಟಿ’. ನಿದ್ದೆಯಲ್ಲಿ ಎಬ್ಬಿಸಿದರೂ ಮಾಡಬಲ್ಲವನಾಗಿದ್ದೆ. ಕೂಲಿ ಹಾಳೆಯ ಲೆಕ್ಕ. 40,000 ಅಕ್ಷರಕ್ಕೆ ಒಂದು ಹಾಳೆ. ಎಣಿಸುತ್ತಿದ್ದುದು ರಷ್ಯನ್ ಮೂಲದ ಅಕ್ಷರಗಳನ್ನು. ನಮ್ಮ ‘ಸ್ತ್ರೀ’ ಒಂದೋ ಮೂರೋ ಎಂಬ ವ್ಯಾಜ್ಯ ಹೂಡಿ ನಾನು ಸೋತಿದ್ದೆ. ಭಾಷಣಗಳು ಉದ್ದವಾಗಿದ್ದಷ್ಟೂ ಮನೆಗೆ ಒಳ್ಳೆಯದು.

ಅಷ್ಟರಲ್ಲಿ ನಾಯಕರು ಸಾಯತೊಡಗಿದರು. 1982ರ ನವೆಂಬರಿನಲ್ಲಿ ಬ್ರೆಜ್ನೆವ್, 1984ರ ಫೆಬ್ರವರಿಯಲ್ಲಿ ಆಂದ್ರೊಪೊವ್, 1985ರ ಮಾರ್ಚಿನಲ್ಲಿ ಚೆರ್ನೆಂಕೊ. 28 ತಿಂಗಳಲ್ಲಿ ಮೂವರು. ಸಾವಿನ ಸುದ್ದಿ ಹೇಳುವ ಮೊದಲು ಆಕಾಶವಾಣಿಯಲ್ಲಿ ಹಾಡು ಹರಟೆಯೆಲ್ಲ ನಿಂತು ಗಂಭೀರವಾದ ವಾದ್ಯಸಂಗೀತ ಶುರುವಾಗುತ್ತಿತ್ತು. ಪಿಟೀಲಿನ ದನಿ ಎಳೆಯುತ್ತಲೇ ನಮ್ಮ ಕೋಣೆಯಲ್ಲಿ ಹದಿನೈದು ಭಾಷೆಯ ತರ್ಜುಮೆಗಾರರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಅರ್ಧಕ್ಕೆ ಬಂದ ಭಾಷಣ ಅರ್ಧಕ್ಕೇ ನಿಲ್ಲುತ್ತಿತ್ತು. ಕೆಳಗೆ ಅಜ್ಜಿ ಜೋಡಿಸಿದ ಮೊಳೆಗಳನ್ನು ಬಿಡಿಸಿ ಒಂದೊಂದಾಗಿ ಅವುಗಳ ಮನೆಗೆ ಸೇರಿಸುತ್ತಿದ್ದರು, ಮುಖದಲ್ಲಿ ದುಃಖವನ್ನೂ ತೋರಿಸದೆ ಬೇರೇನನ್ನೂ ತೋರಿಸದೆ.

ಇವು ನಗುವ ಮಾತು. ನಗಲಾಗದ್ದು ಒಂದಿದೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ಅಣು ಸ್ಥಾವರ ಸಿಡಿಯಿತು. ಅಲ್ಲಿನ ಸುದ್ದಿಯಲ್ಲಿ 28ರ ಸಂಜೆ ನಾಲ್ಕು ಸಾಲು ಬಂತು. ಕೆಲವು ದಿನಗಳ ಮೇಲೆ ಬೆಂಗಳೂರಿನಿಂದ ಮಾವನವರು ಟ್ರಂಕ್ ಕಾಲ್ ಮಾಡಿ, “ಮಗೂಗೆ ಹಾಲು ಕೊಡಬೇಡಿ ಅಂತ ಇಲ್ಲಿ ಪೇಪರಿನಲ್ಲಿ ಹಾಕಿದಾರೆ, ಕೊಡ್ತಾ ಇದೀರಾ?” ಎಂದು ಕೂಗಿದರು. ಕೊಡುತ್ತಿದ್ದೆವು. ಮಾಸ್ಕೋ ಅಲ್ಲಿಂದ ದೂರವೇ; ಆದರೂ ಅಂದು ಲೋಟ ಚೆಲ್ಲಿದ ಹೆಂಡತಿಯ ಕೈ ನನಗೆ ಕಣ್ಣಿಗೆ ಕಟ್ಟಿದಂತಿದೆ. ಅದೇ ಬೇಸಗೆಯಲ್ಲಿ ನನ್ನ ಮೇಜಿಗೆ ಒಂದು ಸಣ್ಣ ಬರಹ ಬಂತು, ಎಲ್ಲವೂ ಹತೋಟಿಯಲ್ಲಿದೆ, ಪರದೇಶದ ಪತ್ರಿಕೆಗಳದು ಅಪಪ್ರಚಾರ ಎಂದು. ಅದು ಸುಳ್ಳೆಂದು ನನಗೆ ಆಗ ಗೊತ್ತಿರಲಿಲ್ಲ. ನಿಜವೆಂದೂ ಗೊತ್ತಿರಲಿಲ್ಲ. ತರ್ಜುಮೆಗಾರನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಡ. ಒಳ್ಳೆಯ ಕನ್ನಡದಲ್ಲಿಯೇ ಬರೆದುಕೊಟ್ಟೆ.

ನನ್ನನ್ನು ಚುಚ್ಚಿದ್ದು ಏಕೆಂದರೆ, ಓದುವವರು ಒಬ್ಬರ ಪರಿಚಯ ಅಷ್ಟರಲ್ಲಿ ನನಗೆ ಆಗಿತ್ತು. ನಮ್ಮ ಪುಸ್ತಕಗಳ ಕೊನೆಯಲ್ಲಿ, ಅಭಿಪ್ರಾಯ ಬರೆದು ತಿಳಿಸಿರಿ ಎಂದು ಮಾಸ್ಕೋದ ವಿಳಾಸ ಅಚ್ಚಾಗಿರುತ್ತಿತ್ತು. ಬರೆಯುವವರು ವಿರಳ. 1984ರಲ್ಲಿ ಹಾಸನದ ಕಡೆಯ ಹಳ್ಳಿಯೊಂದರಿಂದ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟರ ಕಾಗದ ಬಂತು. ನಮ್ಮ ಪುಸ್ತಕಗಳನ್ನು ಎರಡೆರಡು ರೂಪಾಯಿ ಉಳಿಸಿ ತರಿಸುತ್ತಿದ್ದರಂತೆ, ಶನಿವಾರ ಮಕ್ಕಳಿಗೆ ಓದಿ ಹೇಳುತ್ತಿದ್ದರಂತೆ. ಕಥೆಯೆಂದಿಲ್ಲ, ಭಾಷಣವೆಂದಿಲ್ಲ, ಬಂದದ್ದನ್ನೆಲ್ಲ ಓದುತ್ತಿದ್ದರಂತೆ. ಕೊನೆಯಲ್ಲಿ ಒಂದು ಸಣ್ಣ ತಕರಾರು: ತಮ್ಮ ಪುಸ್ತಕದಲ್ಲಿ ಮೊಮ್ಮಗನು ಅಜ್ಜಿಗೆ ‘ದಯಮಾಡಿ ತಾವು ವಿಶ್ರಮಿಸಿರಿ’ ಎನ್ನುತ್ತಾನೆ, ನಮ್ಮೂರಿನಲ್ಲಿ ಹಾಗೆಂದರೆ ಅಜ್ಜಿ ಬಡಿಗೆ ತೆಗೆದುಕೊಳ್ಳುತ್ತಾಳೆ, ದಯಮಾಡಿ ಗಮನಿಸುವುದು. ನಾನು ನಕ್ಕು ಹೆಂಡತಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. “ನೀವು ಮನೇಲೂ ಈಗ ಹಾಗೇ ಮಾತಾಡ್ತೀರಿ” ಎಂದಳು.

ನಿಜವಾಗಿತ್ತು. ಭಾಷೆ ಎಂದರೆ ಹಿತ್ತಿಲ ಬಾವಿ. ದಿನವೂ ಸೇದಿದರೆ ನೀರು ತಿಳಿ. ನಾನೋ ಕೊಡದಲ್ಲಿ ತುಂಬಿಕೊಂಡು ಹೋದದ್ದನ್ನೇ ಹತ್ತು ವರ್ಷ ಕುಡಿಯುತ್ತಿದ್ದೆ. ಬೈಗುಳ ಮರೆತಿತ್ತು. ಸೊಪ್ಪು ಮಾರುವವಳ ರಾಗ ಮರೆತಿತ್ತು. ಕಾಲು ಜಾರಿ ಬಿದ್ದರೆ ಬಾಯಲ್ಲಿ ಬರುತ್ತಿದ್ದದ್ದು ‘ಅಯ್ಯೋ’ ಅಲ್ಲ, ‘ಓಯ್’. ಆ ದಿನಗಳಲ್ಲಿ ಅಫನಾಸಿ ನಿಕಿತಿನನ ಪ್ರವಾಸದ ಬರಹ ಓದಿದೆ. ಹದಿನೈದನೆಯ ಶತಮಾನದಲ್ಲಿ ತ್ವೇರ್ ಪಟ್ಟಣದಿಂದ ಹೊರಟು ನಮ್ಮ ಬೀದರಿಗೆ ಬಂದು ಕುದುರೆ ಮಾರಿದ ವರ್ತಕ ಅವನು. 1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸರು ರಷ್ಯನ್ನರೊಡನೆ ಸೇರಿ ‘ಪರದೇಸಿ’ ಎಂದು ಅವನ ಚಿತ್ರ ತೆಗೆದಿದ್ದರು. ಅದರಲ್ಲಿ ನರ್ಗಿಸ್ ಇದ್ದರೆಂಬುದು ಮಾತ್ರ ನನಗೆ ನೆನಪಿತ್ತು. ದಾರಿಯಲ್ಲಿ ಕಳ್ಳರು ಅವನ ಪುಸ್ತಕಗಳನ್ನು ದೋಚಿಕೊಂಡಿದ್ದರಿಂದ ತನ್ನ ದೊಡ್ಡ ಹಬ್ಬ ಯಾವ ದಿನ ಬರುತ್ತದೆಂದು ತಿಳಿಯದೆ ಬೀದರಿನಲ್ಲಿ ಪೇಚಾಡಿದ್ದಾನೆ. ಬರಹದ ಕೊನೆಯ ಪ್ರಾರ್ಥನೆಯಂತೂ ರಷ್ಯನ್ನೇ ಅಲ್ಲ. ತುರ್ಕಿ, ಪಾರಸಿ, ಅರಬ್ಬಿ ಬೆರೆತ ದಾರಿಯ ಮಾತು. ಊರು ಮುಟ್ಟುವ ಮೊದಲೇ ಸತ್ತ. ಐನೂರು ವರ್ಷದ ಹಿಂದೆ ಬೀದರಿನಲ್ಲಿ ಒಬ್ಬ ರಷ್ಯನ್ನನಿಗೆ ಆದದ್ದು ಮಾಸ್ಕೋದಲ್ಲಿ ನನಗೆ ಆಗುತ್ತಿತ್ತು. ಯುಗಾದಿ ಎಂದೆಂದು ಪಂಚಾಂಗವಿಲ್ಲದೆ ಊಹಿಸುತ್ತಿದ್ದವನು ನಾನು.

ಮಗಳ ವಿಷಯ ಹೇಳಲು ಇಷ್ಟು ಹೊತ್ತು ಹಿಂದೆಮುಂದೆ ನೋಡುತ್ತಿದ್ದೇನೆ. ಅಲ್ಲಿನ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಮಾತು ಬಂದದ್ದು ಕನ್ನಡದಲ್ಲಿ. ನಾಲ್ಕನೆಯ ವರ್ಷಕ್ಕೆ ಬೊಂಬೆಗಳೊಡನೆ ರಷ್ಯನ್. ಐದಕ್ಕೆ ನಮ್ಮೊಡನೆಯೂ ರಷ್ಯನ್. ನಾನು ಕನ್ನಡದಲ್ಲಿ ಕೇಳಿದರೆ ರಷ್ಯನ್ನಿನಲ್ಲಿ ಉತ್ತರ. ಒಂದು ರಾತ್ರಿ, ಕರ್ನಾಟಕದ ಮಕ್ಕಳಿಗೆಂದು ನಾನು ಕನ್ನಡ ಮಾಡಿದ ಕರಡಿಯ ಕತೆ ತಂದು ಓದಲು ಕುಳಿತೆ. ಎರಡು ಪುಟ ಕೇಳಿ, ಮುಖ ಸಣ್ಣಗೆ ಮಾಡಿಕೊಂಡು, ಸರಿಯಾದದ್ದನ್ನು ಓದು ಎಂದು ರಷ್ಯನ್ನಿನಲ್ಲಿ ಹೇಳಿದಳು. ಸರಿಯಾದದ್ದು ಎಂದರೆ ಮೂಲ.

ಹೆಂಡತಿ ಒಳಗಿನಿಂದ ಕೇಳಿಸಿಕೊಂಡಳು. ಜಗಳವಾಡಲಿಲ್ಲ. 1987ರ ಬೇಸಗೆಯಲ್ಲಿ ಅವಳೂ ಮಗಳೂ ಸುದ್ದಗುಂಟೆಪಾಳ್ಯದ ತವರಿಗೆ ಬಂದುಬಿಟ್ಟರು. ಆಗ ಇಲ್ಲಿ ಮನೆಗಳ ನಡುವೆ ಖಾಲಿ ನಿವೇಶನಗಳಿದ್ದವು. ಮಾವನವರು ಮೊಮ್ಮಗಳನ್ನು ಕರೆದುಕೊಂಡು ಡೇರಿಯ ಕಡೆಗೆ ಸಂಜೆ ತಿರುಗಾಡಲು ಹೋಗುತ್ತಿದ್ದರಂತೆ. ನಾನೂ ಬರಬಹುದಾಗಿತ್ತು. ಕರಾರು ಮುಗಿದಿಲ್ಲ, ಮನೆ ಕಟ್ಟಿಸುವ ಸಾಲ ತೀರಿಲ್ಲ, ಚೆಕಾಫ್ ಕೈಗೆ ಬರುವುದರಲ್ಲಿದ್ದಾನೆ ಎಂದೆಲ್ಲ ಕಾರಣ ಬರೆದೆ. ಮೂರೂ ನಿಜ. ಆದರೂ ಮಗಳ ಆರರಿಂದ ಹತ್ತನೆಯ ವರ್ಷದವರೆಗಿನದನ್ನು ನಾನು ಓದಿದ್ದು ಇನ್‌ಲ್ಯಾಂಡ್ ಕಾಗದದಷ್ಟು ತೆಳ್ಳಗಿನ ಏರ್‌ಮೇಲ್ ಹಾಳೆಗಳಲ್ಲಿ, ಮೂರು ವಾರ ತಡವಾಗಿ. ಮೊದಲ ಕಾಗದದಲ್ಲಿ ಅವಳು ರಷ್ಯನ್ ಅಕ್ಷರದಲ್ಲಿ ಕನ್ನಡ ಬರೆದಿದ್ದಳು. ವರ್ಷ ಕಳೆಯುವುದರೊಳಗೆ ಬಾತುಕೋಳಿ, ಕನ್ನಡಕ ಎಲ್ಲ ಸರಿಯಾಗಿ ಬಂದವು.

ಚೆಕಾಫ್ ಬಂದದ್ದು 1990ರಲ್ಲಿ. ಮಕ್ಕಳಿಗೆಂದು ಆರಿಸಿದ ಕತೆಗಳು. ಅದರಲ್ಲಿ 1886ರ ‘ವಾಂಕ’. ಓದಿದವರಿಗೆ ನೆನಪಿರುತ್ತದೆ: ಮಾಸ್ಕೋದಲ್ಲಿ ಚಮ್ಮಾರನೊಬ್ಬನ ಬಳಿ ಕೆಲಸಕ್ಕಿಟ್ಟ ಒಂಬತ್ತು ವರ್ಷದ ತಬ್ಬಲಿ, ಯಜಮಾನ ಇಲ್ಲದ ರಾತ್ರಿ, ಹಳ್ಳಿಯಲ್ಲಿರುವ ತಾತನಿಗೆ ಕಾಗದ ಬರೆಯುತ್ತಾನೆ, ಬಂದು ಕರೆದುಕೊಂಡು ಹೋಗು ಎಂದು. ವಿಳಾಸಕ್ಕೆ ಊರಿನ ಹೆಸರು ಬರೆಯುವುದಿಲ್ಲ. ಹಳ್ಳಿಯ ತಾತನಿಗೆ ಎಂದು ಬರೆದು ಡಬ್ಬಿಗೆ ಹಾಕಿ ಬರುತ್ತಾನೆ. ಮೊದಲ ತೊಡಕು ‘ತಾತ’ನದೇ. ಮೈಸೂರಿನವರಿಗೆ ತಾತ, ಮಲೆನಾಡಿಗೂ ಕರಾವಳಿಗೂ ಅಜ್ಜ, ಬಿಜಾಪುರದ ಕಡೆ ಮುತ್ಯಾ. ಎರಡನೆಯ ತೊಡಕು, ರಷ್ಯನ್ನಿನಲ್ಲಿ ಆ ಹುಡುಗ ಒಂದೇ ಉಸಿರಿನಲ್ಲಿ ತಾತನನ್ನು ‘ನೀನು’ ಎಂದೂ ‘ನೀವು’ ಎಂದೂ ಕರೆಯುತ್ತಾನೆ. ಕಾಗದ ಬರೆಯುವ ಮರ್ಯಾದೆ ಅರ್ಧ ಕಲಿತ ಮಗು. ‘ನೀನು’ ಎಂದು ಶುರುಮಾಡಿ, ‘ನೀವು’ ಎಂದು, ಮತ್ತೆ ‘ನೀನು’ ಎಂದುಬಿಡುತ್ತದೆ.

ನಾನು ಎಲ್ಲವನ್ನೂ ‘ನೀವು’ ಮಾಡಿದೆ. ಅಷ್ಟೇ ಅಲ್ಲ, ‘ತೀರ್ಥರೂಪು ತಾತನವರ ಪಾದಾರವಿಂದಗಳಿಗೆ’ ಎಂದು ನಮ್ಮ ಪದ್ಧತಿಯಂತೆ ಒಕ್ಕಣೆಯನ್ನೂ ಹಾಕಿದೆ. ಪರಿಶೀಲಿಸುವ ಆ ಮಹಿಳೆ ಒಪ್ಪಲಿಲ್ಲ. “ಮೂಲದಲ್ಲಿ ಎರಡೂ ಇವೆ. ಬಾಲಕನು ತಬ್ಬಿಬ್ಬಾಗಿದ್ದಾನೆ. ತಾವು ಅವನನ್ನು ಗುಮಾಸ್ತನನ್ನಾಗಿ ಮಾಡಿರುವಿರಿ” ಎಂದರು. ಎರಡೂ ಇಟ್ಟರೆ ಕನ್ನಡದವರು ಅಚ್ಚಿನ ತಪ್ಪು ಎನ್ನುತ್ತಾರೆ ಎಂದು ನಾನು ವಾದಿಸಿದೆ. ಕನ್ನಡದಲ್ಲಿ ಏನು ಸಲ್ಲುತ್ತದೆ ಎಂಬುದು ಕನ್ನಡಿಗನಿಗೆ ತಿಳಿಯದೇ ನಿಮಗೆ ತಿಳಿದೀತೇ ಎಂದೂ ಅಂದೆ. ಆಕೆ ಕನ್ನಡಕ ತೆಗೆದು ಒರೆಸಿಕೊಂಡು, “ತಮ್ಮ ಇಚ್ಛೆ” ಎಂದರು.

1991ರ ಆಗಸ್ಟಿನಲ್ಲಿ ಬೀದಿಗೆ ಟ್ಯಾಂಕುಗಳು ಬಂದವು. ಅದನ್ನೆಲ್ಲ ಪತ್ರಿಕೆಗಳು ನನಗಿಂತ ಚೆನ್ನಾಗಿ ಬರೆದಿವೆ. ನಮ್ಮ ಮಹಡಿಯಲ್ಲಿ ಕಂಡದ್ದು ಇಷ್ಟು: ಕಾಗದ ಬರಲಿಲ್ಲ, ಮಸಿ ಬರಲಿಲ್ಲ, ಸಂಬಳ ಬಂದರೂ ಅದರಿಂದ ಏನೂ ಬರಲಿಲ್ಲ. ಕನ್ನಡದ ಪುಸ್ತಕಗಳ ಪಟ್ಟಿಯ ಮೇಲೆ ಯಾರೋ ಗೆರೆ ಎಳೆದರು. ಚೆಕಾಫ್ ಪುಟ ಕಟ್ಟಿ ಕರಡು ಬಂದು ನಿಂತಿದ್ದ. ಹೊರಡುವ ಹಿಂದಿನ ದಿನ ಕೆಳಗೆ ಹೋದೆ. ಅಜ್ಜಿ ಇನ್ನೂ ಮೊಳೆ ಬಿಡಿಸಿರಲಿಲ್ಲ. ಕರಡಿನ ಒಂದು ಪೂರ್ಣ ಪ್ರತಿಯನ್ನು ಹಗ್ಗ ಕಟ್ಟಿ ಕೊಟ್ಟು, “ಇದರಲ್ಲಿ ತಪ್ಪಿಲ್ಲ. ಚುಕ್ಕೆಗಳನ್ನೆಲ್ಲ ನೋಡಿದ್ದೇನೆ” ಎಂದರು.

ಡಿಸೆಂಬರಿನಲ್ಲಿ ಸುದ್ದಗುಂಟೆಪಾಳ್ಯಕ್ಕೆ ಬಂದಿಳಿದೆ. ಅದೇ ತಿಂಗಳ ಕೊನೆಗೆ ನಾನು ಬಿಟ್ಟುಬಂದ ದೇಶವೇ ಇಲ್ಲವಾಯಿತು. ಹತ್ತು ವರ್ಷದ ಮಗಳು ಬಾಗಿಲಲ್ಲಿ ನಿಂತು ನೋಡಿದಳು, ನೆಂಟರನ್ನು ನೋಡುವ ಹಾಗೆ. ರಷ್ಯನ್ ಪೂರ್ತಿ ಮರೆತಿದ್ದಳು. ನಾನು ಎರಡು ಮಾತು ಆಡಿ ನೋಡಿದೆ, ನಗು ತಡೆದುಕೊಂಡು ಒಳಗೆ ಓಡಿದಳು. ಮೂರು ನಾಲ್ಕು ದಿನದ ಮೇಲೆ ನನ್ನ ಪೆಟ್ಟಿಗೆ ಕೆದಕುತ್ತ ಆ ಕರಡು ಹೊರಗೆ ತೆಗೆದು, ಜಗುಲಿಯ ಮೇಲೆ ತಾತನ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದತೊಡಗಿದಳು. ನಾನು ಒಳಗಿನಿಂದ ಕೇಳುತ್ತಿದ್ದೆ. ‘ವಾಂಕ’ ಬಂತು. ಅರ್ಧ ಪುಟಕ್ಕೆ ನಿಲ್ಲಿಸಿದಳು.

“ಅಪ್ಪಾ, ಇವನು ಬರೀತಿರೋದು ತಾತಂಗಾ, ಹೆಡ್‌ಮಾಸ್ಟರಿಗಾ?”

“ತಾತನಿಗೆ.”

“ಸ್ವಂತ ತಾತಾನಾ?”

“ಹೌದು.”

“ಮತ್ತೆ ನೀವು ನೀವು ಅಂತಾನೆ?” ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕಕ್ಕೆ ತಿರುಗಿ, “ತಾತಾ, ನೀನು ಕಾಲು ಸ್ವಲ್ಪ ಆ ಕಡೆ ಇಟ್ಕೋ, ಬೆಳಕು ಬೀಳ್ತಿಲ್ಲ” ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಕರಡಿನಲ್ಲಿದ್ದಂತೆ ಓದಲಿಲ್ಲ. ಒಕ್ಕಣೆಯನ್ನು ಹಾರಿಸಿದಳು. ಮೊದಲ ಎರಡು ಸಾಲು ‘ನೀವು’ ಎಂದೇ ಓದಿ, ಹುಡುಗನಿಗೆ ಏಟು ಬೀಳುವಲ್ಲಿಗೆ ಬಂದಾಗ ತಾನಾಗಿಯೇ ‘ನೀನು’ ಎಂದಳು. ನಾನು ಪೆನ್ಸಿಲು ಹುಡುಕಿಕೊಂಡು ಹೊರಗೆ ಬಂದು ಅವಳ ಹಿಂದೆ ಕುಳಿತೆ.

ಆ ಕರಡು ಈಗಲೂ ಪೆಟ್ಟಿಗೆಯಲ್ಲಿದೆ. ಹದಿನೇಳು ಕಡೆ ‘ನೀವು’ ಹೊಡೆದು ‘ನೀನು’ ಮಾಡಿದೆ.